ಸದ್ದಿಲ್ಲದ ರಣರಥ

ಪೆಟ್ರೋಲು, ವಿದ್ಯುತ್ತು ಎರಡರಿಂದಲೂ ನಡೆಯುವ ಹೈಬ್ರಿಡ್ ವಾಹನವು ಇತ್ತೀಚಿನ ಸೃಷ್ಟಿಯೆಂದು ಅನೇಕರ ನಂಬಿಕೆ. ಆದರೆ 1900ರಲ್ಲಿಯೇ ಫರ್ಡಿನೆಂಡ್ ಪೋರ್ಷೆ ಎಂಬ ತರುಣ ಎಂಜಿನಿಯರು ಅಂತಹ ಕಾರನ್ನು ನಿರ್ಮಿಸಿದ್ದನು. ದೂರದ ಜಲಪಾತದಲ್ಲಿ ಹುಟ್ಟಿದ ವಿದ್ಯುತ್ತು ತಂತಿಯಲ್ಲಿ ಹರಿದುಬಂದು ಮನೆಯ ಬೀಸಣಿಗೆಯನ್ನು ತಿರುಗಿಸುವುದಷ್ಟೆ? ಅದರಂತೆಯೇ ಆ ಕಾರಿನ ಎಂಜಿನು ಡೈನಮೋವನ್ನು ತಿರುಗಿಸುತ್ತಿತ್ತು. ಅದರಿಂದ ಹುಟ್ಟಿದ ವಿದ್ಯುತ್ತು ಗಾಲಿಗಳಲ್ಲಿ ಅಡಗಿದ್ದ ಮೋಟಾರುಗಳನ್ನು ನಡೆಸುತ್ತಿತ್ತು.

ಈ ಉಪಾಯವು ಬಹುಬೇಗ ಸೈನ್ಯವನ್ನು ಸೇರಿತು. ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರಿಯದ ಭಾರಿ ಫಿರಂಗಿಗಳನ್ನು ಪೋರ್ಷೆ ರಚಿಸಿದ ಇಂತಹ ಬಂಡಿಗಳು ಎಳೆದವು. ಎರಡನೆಯ ಮಹಾಯುದ್ಧದಲ್ಲಿ ಆತನು ಜರ್ಮನಿಗಾಗಿ ಇದೇ ತತ್ತ್ವದ ಟೈಗರ್ ಟ್ಯಾಂಕನ್ನು ಸಿದ್ಧಪಡಿಸಿದನು. ಅದರ ಎಂಜಿನುಗಳು ಅತಿಯಾಗಿ ಕಾದು ಕೆಡುತ್ತಿದ್ದವು; ಮೋಟಾರುಗಳಿಗೆ ಬೇಕಾದ ತಾಮ್ರಕ್ಕೋ ಅಲ್ಲಿ ಬರಗಾಲ! 1942ರಲ್ಲಿ ಪ್ರತಿಸ್ಪರ್ಧಿ ಹೆನ್ಶೆಲ್ ಸಂಸ್ಥೆಯ ಟ್ಯಾಂಕೇ ಆಯ್ಕೆಯಾಯಿತು. ಉಳಿದ ಸುಮಾರು 90 ಒಡಲುಗಳಿಗೆ ಫಿರಂಗಿ ಜೋಡಿಸಿ, ‘ಫರ್ಡಿನೆಂಡ್’ ಎಂದು ಹೆಸರಿಟ್ಟು, 1943ರ ಜುಲೈಯಲ್ಲಿ ಕೂರ್ಸ್ಕ್ ರಣರಂಗಕ್ಕೆ ಕಳುಹಿಸಿದರು. ನೆಲದಲ್ಲಿ ಹೂತಿಟ್ಟ ಸಿಡಿಗುಂಡಿಗೆ ಸಿಕ್ಕಿ ನಿಂತರೆ, 65 ಟನ್ನಿನ ಆ ದೈತ್ಯನನ್ನು ಎಳೆದು ತರುವುದೇ ದುಸ್ಸಾಧ್ಯವಾಯಿತು.

ಹಾಗಿದ್ದೂ ಸೈನ್ಯಗಳು ಇಂದು ಮತ್ತೆ ಇದರ ಬೆನ್ನು ಹತ್ತಿರುವುದೇಕೆ? ಹಣದ ಉಳಿತಾಯವೊಂದೇ ಇದಕ್ಕೆ ಕಾರಣವಲ್ಲ. ರಣರಂಗಕ್ಕೆ ಇಂಧನವು ತಾನಾಗಿ ಬರುವುದಿಲ್ಲ. ಲಾರಿಗಳಲ್ಲಿ ಮನುಷ್ಯರೇ ತರಬೇಕು. 2007ರಲ್ಲಿ ಆಫ್ಘಾನಿಸ್ತಾನದಲ್ಲಿ ಇಂಧನ ಲಾರಿಗಳ ಪ್ರತಿ 24 ಸಾಲುಗಳಿಗೆ ಒಬ್ಬನಂತೆ ಸತ್ತರು ಇಲ್ಲವೆ ಗಾಯಗೊಂಡರೆಂದು ಅಮೆರಿಕದ ಸೈನ್ಯದ ಅಧ್ಯಯನವೊಂದು ಲೆಕ್ಕಹಾಕಿತು.

ಇನ್ನೊಂದು ಕಾರಣ ಮೌನ. ಕಾವಲು ನಿಂತ ಟ್ಯಾಂಕಿನಲ್ಲಿ ರೇಡಿಯೋ ಮತ್ತು ಇರುಳಿನಲ್ಲಿ ನೋಡುವ ಉಪಕರಣಗಳಿಗಾಗಿ ಎಂಜಿನನ್ನು ಓಡಿಸುತ್ತಿದ್ದರೆ, ಅದರ ಸದ್ದೂ ಶಾಖವೂ ಶತ್ರುವಿಗೆ ಸುಳಿವು ಕೊಡುತ್ತವೆ. ಪೋರ್ಷೆಯ ಟ್ಯಾಂಕಿಗೆ ಇಲ್ಲದಿದ್ದ ಪ್ರಬಲ ಬ್ಯಾಟರಿ ಇಂದು ಲಭ್ಯವಾಗಿರುವುದರಿಂದ, ಎಂಜಿನು ನಿಂತರೂ ಕಾವಲು ನಿಲ್ಲಬೇಕಿಲ್ಲ. 2022ರಲ್ಲಿ ಅಮೆರಿಕದಲ್ಲಿ ಪ್ರದರ್ಶಿತವಾದ ‘ಅಬ್ರಾಮ್ಸ್‌ಎಕ್ಸ್’ ಎಂಬ ಮಾದರಿಗೆ, ಅಷ್ಟೇ ದೂರ ಕ್ರಮಿಸಲು ಹಳೆಯ ಟ್ಯಾಂಕಿನ ಅರ್ಧದಷ್ಟು ಇಂಧನ ಸಾಕೆಂದು ಅದರ ನಿರ್ಮಾಪಕರ ಹೇಳಿಕೆ.

ತೊಡಕುಗಳು ಇಲ್ಲದಿಲ್ಲ. ಬ್ಯಾಟರಿಯಿಂದ ತೂಕ ಹೆಚ್ಚುತ್ತದೆ. ಅದಕ್ಕೆ ಗುಂಡು ತಗುಲಿದರೆ ಬೆಂಕಿಯ ಭಯವೂ ಉಂಟು. ಆದರೂ ಒಂದು ಲಾರಿ ಕಡಿಮೆ ಹೊರಟರೆ, ಅದನ್ನು ನಡೆಸಬೇಕಾಗಿದ್ದವನು ಅಂದು ಶಿಬಿರದಲ್ಲಿಯೇ ಉಳಿಯುತ್ತಾನೆ. ಈ ಯಂತ್ರದ ಬೆಲೆಯನ್ನು ಕಟ್ಟಬೇಕಾದುದು ಆ ಲೆಕ್ಕದಿಂದ.