ಹಿಂದಕ್ಕೆ ತೆಗೆಯುವುದು ಸೋಲಲ್ಲ



ಲಿನಕ್ಸ್ ಎಂದರೆ ಕಂಪ್ಯೂಟರ್ ಪಂಡಿತರಿಗೆ ಮಾತ್ರ ಸೇರಿದ್ದು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೆ ಇರುವುದು ಲಿನಕ್ಸ್ ಕರ್ನಲ್. ಕಾಸರಗೋಡಿನ ನಮ್ಮ ಮಕ್ಕಳು ಶಾಲೆಯ ಲ್ಯಾಬಿನಲ್ಲಿ ಬಳಸುವ ಕೈಟ್ ಲಿನಕ್ಸ್‌ನ ಒಳಗೂ ಅದೇ ಇದೆ. ಯಂತ್ರಕ್ಕೂ ನಾವು ಬಳಸುವ ಪ್ರೋಗ್ರಾಂಗಳಿಗೂ ನಡುವೆ ನಿಂತು ಕೆಲಸ ಮಾಡಿಸುವ ಭಾಗವೇ ಕರ್ನಲ್. ಅಲ್ಲಿ ಏನಾದರೂ ಕೆಟ್ಟರೆ ಮೇಲಿರುವುದೆಲ್ಲ ಅಲುಗಾಡುತ್ತದೆ.

ಹೊಸ ಆವೃತ್ತಿ ಹಾಕಿದ ಮೇಲೆ, ನಿನ್ನೆ ಸರಿಯಾಗಿ ನಡೆಯುತ್ತಿದ್ದದ್ದು ಇಂದು ನಡೆಯದೇ ಹೋದರೆ ಅದಕ್ಕೆ ರಿಗ್ರೆಶನ್ ಎನ್ನುತ್ತಾರೆ. ಲಿನಕ್ಸ್ ಆರಂಭಿಸಿದ ಲಿನಸ್ ಟೊರ್ವಾಲ್ಡ್ಸ್ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕರ್ನಲ್ ಬದಲಾದ ಕಾರಣಕ್ಕೆ ಬಳಕೆದಾರರ ಪ್ರೋಗ್ರಾಂ ಕೆಟ್ಟರೆ ತಪ್ಪು ಕರ್ನಲ್‌ನದೇ. ಬಳಸಿದವರನ್ನು ದೂರುವ ಹಾಗಿಲ್ಲ.

2005ರಿಂದ ಸ್ಟೇಬಲ್ ಅಂದರೆ ಸ್ಥಿರ ಆವೃತ್ತಿಗಳು ಪ್ರತ್ಯೇಕವಾಗಿ ಬರುತ್ತಿವೆ. ಇವುಗಳಲ್ಲಿ ಹೊಸ ಸೌಲಭ್ಯಗಳಿಗಿಂತ ದೋಷಗಳ ದುರಸ್ತಿಯೇ ಮುಖ್ಯ. ದುರಸ್ತಿ ಮೊದಲು ಮುಖ್ಯ ಕರ್ನಲ್‌ಗೆ ಸೇರಿರಬೇಕು, ಆಮೇಲೆ ಹಳೆಯ ಆವೃತ್ತಿಗೆ ಬರಬೇಕು ಎಂಬುದು ನಿಯಮ. ಒಳ್ಳೆಯ ನಿಯಮವೇ. ಆದರೂ ಎಡವಟ್ಟು ಆಗುತ್ತದೆ.

2023ರ ನವೆಂಬರ್ ಕೊನೆಯಲ್ಲಿ 6.1.64 ಬಂತು. ಅದರಲ್ಲಿದ್ದ ನೂರಾರು ದುರಸ್ತಿಗಳಲ್ಲಿ ಒಂದು ಎಕ್ಸ್ಟ್4 ಎಂಬ ಫೈಲ್ ವ್ಯವಸ್ಥೆಗೆ ಸೇರಿತ್ತು. ಮುಖ್ಯ ಕರ್ನಲ್‌ನಲ್ಲಿ ಅದು ಸರಿಯಾಗಿಯೇ ಇತ್ತು, ಏಕೆಂದರೆ ಅದಕ್ಕೆ ಆಧಾರವಾದ ಇನ್ನೊಂದು ಬದಲಾವಣೆ ಅಲ್ಲಿ ಮೊದಲೇ ಬಂದಿತ್ತು. 6.1ರಲ್ಲಿ ಆ ಆಧಾರ ಇರಲಿಲ್ಲ. ಹಾಗಾಗಿ ಒಂದು ಬಗೆಯ ಬರವಣಿಗೆಯಲ್ಲಿ, ಮುಂದಿನ ಮಾಹಿತಿ ಫೈಲಿನ ಯಾವ ಜಾಗದಿಂದ ಶುರುವಾಗಬೇಕು ಎಂಬ ಗುರುತೇ ತಪ್ಪಿ, ಫೈಲು ಹಾಳಾಗುವ ಅಪಾಯ ಬಂತು. ಡೆಬಿಯನ್ ಬಳಗ ಡಿಸೆಂಬರ್ 9ಕ್ಕೆ ನಿಗದಿಯಾಗಿದ್ದ 12.3 ಬಿಡುಗಡೆಯನ್ನು ತಡೆಹಿಡಿಯಿತು. ಬಿಟ್ಟುಹೋದ ತುಂಡು 6.1.66ರಲ್ಲಿ ಸೇರಿತು; ಮರುದಿನವೇ, ಡಿಸೆಂಬರ್ 10ರಂದು, ಅದನ್ನು ಒಳಗೊಂಡ ಡೆಬಿಯನ್ 12.4 ಹೊರಬಂತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಫೈಲುಗಳ ವಿಷಯವೂ ಹಾಗೆಯೇ.

ಇಲ್ಲಿ ಯಾರೂ ಕೆಟ್ಟ ಕೆಲಸ ಮಾಡಿರಲಿಲ್ಲ ಎಂಬುದನ್ನು ಗಮನಿಸಿ. ದುರಸ್ತಿ ಒಳ್ಳೆಯದೇ ಆಗಿತ್ತು. ಆದರೆ ಒಂದು ಮನೆಗೆ ಹೊಂದುವ ಬಾಗಿಲು ಇನ್ನೊಂದು ಮನೆಯ ಚೌಕಟ್ಟಿಗೆ ಹೊಂದಬೇಕೆಂದಿಲ್ಲ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಸ್ಥಿರ ಆವೃತ್ತಿಯಲ್ಲಿ ಏನಾದರೂ ಮುರಿದು, ಕಾರಣವೂ ಸಿಕ್ಕಿದ್ದರೆ, ಸರಿಯಾದ ಪರಿಹಾರ ತಕ್ಷಣ ಕೈಯಲ್ಲಿ ಇಲ್ಲದಿದ್ದಾಗ ಆ ಬದಲಾವಣೆಯನ್ನು ಮೊದಲು ಹಿಂದಕ್ಕೆ ತೆಗೆಯಬೇಕು. ಚರ್ಚೆ ಆಮೇಲೆ ನಡೆಯಲಿ. ಕರ್ನಲ್‌ನ ಮಾರ್ಗಸೂಚಿಯೂ ಗಂಭೀರ ರಿಗ್ರೆಶನ್‌ಗಳನ್ನು ಎರಡು ಮೂರು ದಿನಗಳಲ್ಲಿ ಸರಿಪಡಿಸಲು ಹೇಳುತ್ತದೆ.

ಭದ್ರತೆಯ ದುರಸ್ತಿಯನ್ನು ಹಿಂದಕ್ಕೆ ತೆಗೆದರೆ ಮುಚ್ಚಿದ ತೂತು ಮತ್ತೆ ತೆರೆಯುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಂಥ ಕಡೆ ತೂಗಿ ನೋಡಬೇಕು, ಅವಸರ ಸಲ್ಲದು. ಆದರೆ ಬಹಳ ಸಲ ಹಿಂದಕ್ಕೆ ತೆಗೆಯಲು ಅಡ್ಡಿಯಾಗುವುದು ಭದ್ರತೆಯಲ್ಲ, ಬರೆದವರ ಅಭಿಮಾನ. "ನನ್ನ ಕೆಲಸ ಸರಿಯಿದೆ, ನಿಮ್ಮ ಯಂತ್ರವೇ ಸರಿಯಿಲ್ಲ" ಎಂಬ ಮಾತಿನಿಂದ ಯಾರ ಫೈಲೂ ಉಳಿಯುವುದಿಲ್ಲ.

ಇನ್ನು ನಮ್ಮ ಪಾಲು. ಇಂಥ ಸುದ್ದಿ ಕೇಳಿ ಅಪ್ಡೇಟ್ ಮಾಡುವುದನ್ನೇ ನಿಲ್ಲಿಸಬೇಡಿ. ಹಳೆಯ ತೂತುಗಳನ್ನು ಮುಚ್ಚದೆ ಬಿಡುವುದು ಇನ್ನೂ ದೊಡ್ಡ ಅಪಾಯ. ಮುಖ್ಯ ಫೈಲುಗಳ ಪ್ರತಿ ಬೇರೆ ಕಡೆ ಇರಲಿ. ಉಬುಂಟು, ಡೆಬಿಯನ್ ಹಿಂದಿನ ಕರ್ನಲ್ಲನ್ನೂ ಉಳಿಸಿಕೊಂಡಿರುತ್ತವೆ. ಹೊಸದರಲ್ಲಿ ವೈಫೈ ನಿಂತರೆ, ಯಂತ್ರ ಶುರುವಾಗುವಾಗ ಹಳೆಯದನ್ನು ಆರಿಸಿ ನೋಡಿ. ಅದರಲ್ಲಿ ಸರಿಯಿದ್ದರೆ ಒಂದು ದೊಡ್ಡ ಸುಳಿವು ಸಿಕ್ಕಂತೆ.

ಆ ಸುಳಿವನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಯಾವ ಆವೃತ್ತಿಯಲ್ಲಿ ನಡೆಯುತ್ತಿತ್ತು, ಯಾವುದರಲ್ಲಿ ನಿಂತಿತು ಎಂದು ನಿಮ್ಮ ಲಿನಕ್ಸ್ ವಿತರಣೆಯವರಿಗೆ ಬರೆದು ತಿಳಿಸಿ. ಈ ಎರಡು ತುದಿ ಗೊತ್ತಾದರೆ ನಡುವಿನ ಬದಲಾವಣೆಗಳನ್ನು ಅರ್ಧ ಅರ್ಧವಾಗಿ ಪರೀಕ್ಷಿಸುತ್ತಾ ಹೋಗಬಹುದು. ಸಾವಿರ ಬದಲಾವಣೆ ಇದ್ದರೂ ಸುಮಾರು ಹತ್ತು ಹೆಜ್ಜೆಯಲ್ಲಿ ಕಾರಣ ಸಿಗುತ್ತದೆ. ಜಗತ್ತಿನ ಎಲ್ಲ ಯಂತ್ರಗಳನ್ನೂ ಪರೀಕ್ಷಿಸುವ ಪ್ರಯೋಗಾಲಯ ಎಲ್ಲಿಯೂ ಇಲ್ಲ. ನಿಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣಿಸುವ ದೋಷವನ್ನು ನೀವೇ ಹೇಳಬೇಕು. ಹೇಳಿದವರಿಗೆ ಧನ್ಯವಾದ ಹೇಳುವುದು ಮಾಡುವವರ ಕರ್ತವ್ಯ. ಸ್ಪಷ್ಟವಾಗಿ, ಸೌಜನ್ಯದಿಂದ ಹೇಳುವುದು ನಮ್ಮ ಕರ್ತವ್ಯ.