ತಾಳಿಯಲ್ಲಿ ಮುಗಿಯುವ ಕಥೆಗಳು

ಯುದ್ಧ ಮುಗಿದಿದೆ, ಊರು ಸುಟ್ಟು ಬೂದಿಯಾಗಿದೆ. ಒಬ್ಬಳು ಹೆಣ್ಣು ತಂಗಿಯ ಕೈ ಹಿಡಿದು, ಬೆನ್ನಟ್ಟಿ ಬರುವವರಿಂದ ತಪ್ಪಿಸಿಕೊಂಡು ಓಡುತ್ತಾಳೆ. ದಾರಿಯಲ್ಲೊಬ್ಬ ಸಜ್ಜನ ಸಿಗುತ್ತಾನೆ. ದೇವರ ಮೇಲಿನ ನಂಬಿಕೆ ಅವಳನ್ನು ಕಾಯುತ್ತದೆ. ಮದುವೆಯಾಗುತ್ತದೆ, ಕಥೆ ಮುಗಿಯುತ್ತದೆ. ಇಂಥ ಕಾದಂಬರಿಗಳನ್ನು ನಾವೆಲ್ಲ ಓದಿದ್ದೇವೆ, ಕಣ್ಣೀರು ಹಾಕಿದ್ದೇವೆ. ಓದುವುದು ತಪ್ಪಲ್ಲ. ದಣಿದವಳಿಗೆ ಒಂದು ಕನಸು ಬೇಕು. ಆದರೆ ಒಂದು ಸರ್ಕಾರವೇ ಈ ಕಥೆಯನ್ನು ನಂಬಿ ಜಾರಿಗೆ ತರಲು ಹೊರಟಾಗ ಏನಾಯಿತು ಎಂಬುದೂ ನಮಗೆ ತಿಳಿದಿರಬೇಕು.

1971ರ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ ನಡೆದ ಬಾಂಗ್ಲಾದೇಶದ ಯುದ್ಧದಲ್ಲಿ ಪಾಕಿಸ್ತಾನಿ ಸೇನೆ ಮತ್ತು ಅದರ ಸ್ಥಳೀಯ ಬೆಂಬಲಿಗರಿಂದ ಅತ್ಯಾಚಾರಕ್ಕೊಳಗಾದವರ ಸಂಖ್ಯೆ 2 ಲಕ್ಷ ಎಂದು ಹೊಸ ಸರ್ಕಾರ ಹೇಳಿತು. ಅವರಿಗೆ 'ವೀರಾಂಗನೆ' ಎಂಬ ಬಿರುದು ಕೊಟ್ಟಿತು. ಬಿರುದೇನೋ ದೊಡ್ಡದು. ಆದರೆ ಜನರ ಬಾಯಲ್ಲಿ ಒಂದೇ ಅಕ್ಷರ ಬದಲಾಗಿ ಅದು 'ವಾರಾಂಗನೆ'ಯಾಯಿತು. ಎಷ್ಟೋ ಗಂಡಂದಿರು, ತಂದೆಯರು ಬಾಗಿಲು ಮುಚ್ಚಿದರು.

1972ರಲ್ಲಿ ಪುನರ್ವಸತಿ ಮಂಡಳಿ ರಚನೆಯಾಯಿತು. ಆಶ್ರಯ, ವೈದ್ಯಕೀಯ ನೆರವು, ಹೊಲಿಗೆ ಮುಂತಾದ ತರಬೇತಿ ದೊರೆತವು. ಇದು ನಿಜವಾದ ಕೆಲಸ, ಇದನ್ನು ಹಗುರವಾಗಿ ಕಾಣಬಾರದು. ಆದರೆ ಇದರ ಜೊತೆಗೇ, ಈ ಹೆಣ್ಣುಮಕ್ಕಳನ್ನು ಮದುವೆಯಾಗಿ ಎಂದು ಗಂಡಸರಿಗೆ ಕರೆ ಹೋಯಿತು. ಮುಂದೆ ಬಂದವರು ಕೆಲವರು. ಅವರಲ್ಲೂ ಹಲವರು ವರದಕ್ಷಿಣೆಯನ್ನು ಸರ್ಕಾರವೇ ಕೊಡಲಿ ಎಂದರು! ಕೆಂಪು ಬಣ್ಣದ ಜಪಾನಿ ಕಾರಿನಿಂದ ಹಿಡಿದು, ಅಚ್ಚಾಗದ ತಮ್ಮ ಕವಿತೆಗಳನ್ನು ಅಚ್ಚು ಹಾಕಿಸಿಕೊಡುವವರೆಗೆ ಬೇಡಿಕೆಗಳಿದ್ದವೆಂದು ಅಧಿಕಾರಿಯೊಬ್ಬರು ಹೇಳಿದ್ದನ್ನು ಸುಸಾನ್ ಬ್ರೌನ್‌ಮಿಲ್ಲರ್ 1975ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ.

ನಗು ಬರುತ್ತದೆಯೇ? ನಮಗೆ ಬರಲಿಲ್ಲ. ನೊಂದ ಹೆಣ್ಣನ್ನು 'ಉದ್ಧಾರ' ಮಾಡುವವನೂ ಬೆಲೆಪಟ್ಟಿ ಹಿಡಿದೇ ಬರುತ್ತಾನೆ. ಅವಳ 'ಕಳಂಕ' ಹೆಚ್ಚಿದಷ್ಟೂ ಅವನ ಬೆಲೆ ಹೆಚ್ಚು. ಕಪ್ಪು ಬಣ್ಣಕ್ಕೆ, ವಯಸ್ಸಿಗೆ, ಮುರಿದ ನಿಶ್ಚಿತಾರ್ಥಕ್ಕೆ ಹೆಚ್ಚುವರಿ ಕೇಳುವ ನಮ್ಮ ಮದುವೆ ಮಾರುಕಟ್ಟೆಯ ಲೆಕ್ಕವೂ ಇದೇ ಅಲ್ಲವೇ?

ಆ ಮಹಿಳೆಯರೊಂದಿಗೆ ಕೆಲಸ ಮಾಡಿದ ಲೇಖಕಿ ನೀಲಿಮಾ ಇಬ್ರಾಹಿಂ ಬರೆದ ಇನ್ನೊಂದು ಸಂಗತಿ ನಮ್ಮನ್ನು ಕಾಡುತ್ತದೆ. ಯುದ್ಧಕೈದಿಗಳಾದ ಸೈನಿಕರ ಜೊತೆಗೇ ಹೊರಟು ನಿಂತ ಕೆಲವು ಹೆಣ್ಣುಮಕ್ಕಳನ್ನು ಅವರು ತಡೆಯಲು ಹೋದರು. ಅವರು ಕೇಳಲಿಲ್ಲ. ಹಿಂತಿರುಗಿದರೆ ಸ್ವಂತ ಮನೆಯಲ್ಲಿ ಏನು ಕಾದಿದೆ ಎಂದು ಅವರಿಗೆ ಗೊತ್ತಿತ್ತು. ವೈರಿಯ ಜೊತೆ ಹೋಗುವುದೇ ಮೇಲು ಎನ್ನಿಸುವಂಥ ಮನೆಗೆ ಮನೆ ಎನ್ನಬೇಕೇ?

ಶಿಲ್ಪಿ ಫಿರ್ದೌಸಿ ಪ್ರಿಯಭಾಷಿಣಿಯಂಥವರು ಬಹಿರಂಗವಾಗಿ ಮಾತನಾಡಲು 1990ರ ದಶಕದ ಕೊನೆ ಬರಬೇಕಾಯಿತು. ವೀರಾಂಗನೆಯರಿಗೆ ಸ್ವಾತಂತ್ರ್ಯ ಹೋರಾಟಗಾರರ ಮಾನ್ಯತೆ ಸಿಗತೊಡಗಿದ್ದು 2015ರಲ್ಲಿ. ಆ ಹೊತ್ತಿಗೆ ಎಷ್ಟು ಜನ ಬದುಕಿ ಉಳಿದಿದ್ದರು?

ಯುದ್ಧವಿಲ್ಲದ ಊರಿನಲ್ಲೂ ಹೆಣ್ಣು ರಾತ್ರೋರಾತ್ರಿ ಮಗುವನ್ನೆತ್ತಿಕೊಂಡು ಓಡುತ್ತಾಳೆ. ಠಾಣೆಯಲ್ಲಿ, ಪಂಚಾಯ್ತಿಯಲ್ಲಿ, ತವರಿನಲ್ಲಿ ಅವಳಿಗೆ ಸಿಗುವುದು ಒಂದೇ ಮಾತು: ಹೊಂದಿಕೊಂಡು ಹೋಗು. ಇಲ್ಲವೇ, ಇನ್ನೊಂದು ಮದುವೆ ಮಾಡೋಣ. ನಿನಗೇನು ಬೇಕು ಎಂದು ಕೇಳುವವರಿಲ್ಲ. ಗಂಡನ ಜೊತೆ ಬಾಳಿದ ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು ಕೌಟುಂಬಿಕ ಹಿಂಸೆ ವಿರುದ್ಧದ 2005ರ ಕಾಯ್ದೆ ಅವಳಿಗೆ ಕೊಟ್ಟಿದೆ. ಇದನ್ನು ಅವಳಿಗೆ ಹೇಳುವವರೆಷ್ಟು ಮಂದಿ?

ಅವಳು ಪ್ರೀತಿಸಲಿ, ಬೇಕೆನಿಸಿದರೆ ಮದುವೆಯೂ ಆಗಲಿ. ಆದರೆ ಅದಕ್ಕೆ ಮೊದಲು ಅವಳ ಕೈಗೊಂದು ಕೂಲಿ, ತಲೆಯ ಮೇಲೊಂದು ಸೂರು, ಪಕ್ಕದಲ್ಲಿ ನಾಲ್ಕು ಹೆಂಗಸರು ಇರಲಿ. ಮುಂದಿನ ಸಲ ಬಾಗಿಲು ತಟ್ಟಿದವಳಿಗೆ ವರ ಹುಡುಕಲು ಹೊರಡುವ ಮುನ್ನ, ಗೆಳತಿಯರೇ, ಒಳಗೆ ಕರೆದು ಕೂರಿಸಿ. ಅವಳ ಮಾತು ಕೇಳಿ.