ಸಂಜೆ ಸೀಟಿ ಊದುವವನ ಹೆಸರೇನು?

ಬಾಸ್ಕೆಟ್‌ಬಾಲ್ ಪಂದ್ಯ ಶುರುವಾಗಲು ಕನಿಷ್ಠ 40 ನಿಮಿಷ ಇರುವಾಗಲೇ ತಂಡದ ಪಟ್ಟಿ ಸ್ಕೋರರ್ ಮೇಜಿಗೆ ಹೋಗಬೇಕು ಎನ್ನುತ್ತದೆ ಫಿಬಾ ನಿಯಮ. ಸ್ಕೋರ್‌ಶೀಟಿನಲ್ಲಿ 12 ಆಟಗಾರರ ಕೆಳಗೆ ಎರಡು ಸಾಲು: ಒಂದು ಕೋಚ್‌ಗೆ, ಇನ್ನೊಂದು ಸಹಾಯಕ ಕೋಚ್‌ಗೆ. ಪಂದ್ಯದ ನಡುವೆ ಕೋಚ್ ಹೊರಹಾಕಲ್ಪಟ್ಟರೆ ತಂಡ ನಡೆಸುವ ಹಕ್ಕು ಆ ಎರಡನೆಯವನದು. ನಮ್ಮ ಕಾಲೇಜು ಪಂದ್ಯಗಳಲ್ಲಿ ಮೊದಲ ಸಾಲಿಗೆ ಪಿ.ಡಿ. ಸರ್, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರ ಹೆಸರು ಬೀಳುತ್ತದೆ. ಎರಡನೆಯದನ್ನು ಹಾಗೆಯೇ ಬಿಡುತ್ತಾರೆ.

ಆ ಕೆಲಸ ಮಾಡುವವರು ಇಲ್ಲವೆಂದಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, 2010ರಿಂದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ. ವಿಶ್ವವಿದ್ಯಾಲಯ ಬದಲಾದರೂ ಒಂದು ಕಾಲೇಜಿಗೆ ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರು ಎಂಬ ಲೆಕ್ಕ ಬದಲಾಗಲಿಲ್ಲ. ಕಬಡ್ಡಿ, ಖೋಖೋ, ವಾಲಿಬಾಲ್, ಅಥ್ಲೆಟಿಕ್ಸ್, ಕುಸ್ತಿ, ಬಾಸ್ಕೆಟ್‌ಬಾಲ್ ಎಲ್ಲವೂ ಅವರ ತಲೆಗೇ. ಜೊತೆಗೆ ಆಗಸ್ಟ್ 15ರ ಕವಾಯತು, ಪರೀಕ್ಷೆ ಡ್ಯೂಟಿ, ಗೇಟಿನ ಬಳಿಯ ಶಿಸ್ತು. ಹೀಗಾಗಿ ಸಂಜೆ ಮೈದಾನಕ್ಕೆ ಬರುವುದು ಹಳೆಯ ಆಟಗಾರ. ಹಗಲು ಗೊಬ್ಬರದಂಗಡಿಯಲ್ಲೋ ಖಾಸಗಿ ಶಾಲೆಯಲ್ಲೋ ದುಡಿದು, ಕೊರಳಿಗೆ ಸೀಟಿ ಹಾಕಿಕೊಂಡು ಬರುತ್ತಾನೆ. ನೇಮಕದ ಆದೇಶವಿಲ್ಲ, ಸಂಬಳವಿಲ್ಲ. ಚಹಾ ಉಂಟು.

ಅವನು ಕಲಿಸುವುದನ್ನು ಹತ್ತಿರ ನಿಂತು ನೋಡಬೇಕು. ಕಬಡ್ಡಿ ಆಡಿ ಬಂದ ಹುಡುಗರಿಗೆ ಮೊಣಕಾಲು ಬಗ್ಗಿಸಿ ನಿಲ್ಲುವುದನ್ನು ಹೇಳಿಕೊಡಬೇಕಿಲ್ಲ, ಎದುರಾಳಿಯನ್ನು ಅಡ್ಡಗಟ್ಟುವುದೂ ಗೊತ್ತು. ತೊಡಕಿರುವುದು ಲೇಅಪ್‌ನಲ್ಲಿ. ಸಿಮೆಂಟಿನ ಮೇಲೆ ಸೀಮೆಸುಣ್ಣದಿಂದ ಎರಡು ಪಾದ ಬರೆಯುತ್ತಾನೆ, ಮೊದಲು ಬಲಗಾಲಿನದು, ಆಮೇಲೆ ಎಡಗಾಲಿನದು. ಎಡಗಾಲಿನ ಮೇಲೆಯೇ ಜಿಗಿತ, ಚೆಂಡು ಬಲಗೈಯಿಂದ ಬೋರ್ಡಿಗೆ. "ಎರಡ ಹೆಜ್ಜಿ ಅಷ್ಟನೋ. ಮೂರಾದ್ರ ಟ್ರಾವೆಲ್!" ಹುಡುಗ ಮತ್ತೆ ಮೂರೇ ಹಾಕುತ್ತಾನೆ. ಇವನು ಮತ್ತೆ ಗುರುತು ತಿದ್ದುತ್ತಾನೆ. ಅಷ್ಟರಲ್ಲಿ ಆ ಬದಿಯಿಂದ, "ಸರ್ರ, ನಮ್ಮೂರ ಬಸ್ ಹೊಂಡ್ತೈತ್ರಿ" ಎಂಬ ದನಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಕೊನೆಯ ಬಸ್ಸಿನ ಚಿಂತೆ ತಪ್ಪಲಿಲ್ಲ. ಯಾರು ಯಾವ ಊರಿನವರು, ಯಾರನ್ನು ಎಷ್ಟು ಹೊತ್ತಿಗೆ ಬಿಡಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ.

ಅಮೆರಿಕದ ಕಾಲೇಜುಗಳಲ್ಲಿ ಸಹಾಯಕ ಕೋಚ್ ಕೆಲಸವೇ ಒಂದು ಪೂರ್ಣ ವೃತ್ತಿ. ಎದುರು ತಂಡದ ಆಟ ನೋಡಿ ಟಿಪ್ಪಣಿ ಮಾಡುವುದು, ಒಬ್ಬೊಬ್ಬ ಆಟಗಾರನನ್ನೂ ತಿದ್ದುವುದು, ಹೊಸಬರನ್ನು ಹುಡುಕಿ ತರುವುದು ಸಹಾಯಕರ ಪಾಲು. ಬಿಲ್ ಗುತ್ರಿಜ್ ಎಂಬಾತ ನಾರ್ತ್ ಕ್ಯಾರೊಲಿನಾದಲ್ಲಿ ಡೀನ್ ಸ್ಮಿತ್ ಕೈಕೆಳಗೆ 30 ವರ್ಷ ಸಹಾಯಕನಾಗಿದ್ದ. 1997ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಮುಖ್ಯ ಕೋಚ್ ಆದ. ಮುಂದಿನ ಮೂರು ವರ್ಷಗಳಲ್ಲಿ ಎರಡು ಸಲ ತಂಡವನ್ನು ರಾಷ್ಟ್ರೀಯ ಸೆಮಿಫೈನಲ್‌ಗೆ ಒಯ್ದ. ಆ ಮೂವತ್ತು ವರ್ಷವೂ ಅವನಿಗೆ ಸಂಬಳವಿತ್ತು, ಹುದ್ದೆಯಿತ್ತು ಎನ್ನುವುದೇ ಮುಖ್ಯ. ಅವರ ದುಡ್ಡು ನಮ್ಮಲ್ಲಿಲ್ಲ, ಒಪ್ಪೋಣ. ಆದರೆ ಕಿತ್ತೂರು ಉತ್ಸವದ ಕುಸ್ತಿ ಕಣದಲ್ಲಿ ಪೈಲ್ವಾನನ ಜೊತೆ ಅವನ ತಾಲೀಮಿನ ಹೆಸರನ್ನೂ ಕೂಗುವ ನಾಡು ನಮ್ಮದು. ಯಾರ ಕೈಯಲ್ಲಿ ಪಳಗಿದವನು ಎಂದು ಗರಡಿ ಕೇಳುತ್ತದೆ, ಕಾಲೇಜು ಕೇಳುವುದಿಲ್ಲ.

ನಿಯಮವೂ ಕೇಳುವುದಿಲ್ಲ. ಯುಜಿಸಿ ಪ್ರಕಾರ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಗೆ ಬರುವವರಿಗೆ ಸ್ನಾತಕೋತ್ತರ ಪದವಿ ಬೇಕು, ಸಾಮಾನ್ಯವಾಗಿ ನೆಟ್ ಅಥವಾ ಸ್ಲೆಟ್ ಬೇಕು, ತಾವು ಆಟಗಾರರಾಗಿದ್ದ ದಾಖಲೆ ಬೇಕು. ದೇಹದಾರ್ಢ್ಯ ಪರೀಕ್ಷೆಯೂ ಉಂಟು: 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1,800 ಮೀಟರ್ ಓಡಬೇಕು. ಎಷ್ಟು ಮಕ್ಕಳನ್ನು ಆಟಗಾರರನ್ನಾಗಿ ಮಾಡಿದಿರಿ ಎಂಬ ಪ್ರಶ್ನೆ ಮಾತ್ರ ಬಾಗಿಲಲ್ಲಿ ಇಲ್ಲ. ಪಟಿಯಾಲದ ಎನ್‌ಐಎಸ್ 1961ರಿಂದ ಕೋಚ್‌ಗಳನ್ನು ತಯಾರು ಮಾಡುತ್ತಿದೆ. ಆದರೆ ಅಲ್ಲಿನ ಡಿಪ್ಲೊಮಾ ಒಂದನ್ನೇ ಹಿಡಿದು ಬಂದರೆ ಕಾಲೇಜಿನ ಹುದ್ದೆ ಸಿಗದು. ಹತ್ತು ವರ್ಷ ಸಂಜೆ ಬೆವರು ಸುರಿಸಿದವನ ಕೈಯಲ್ಲಿ ಒಂದು ಅನುಭವ ಪತ್ರವೂ ಇರುವುದಿಲ್ಲ.

2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಕುರಾಶ್‌ನಲ್ಲಿ ಬೆಳಗಾವಿಯ ಮಲಪ್ರಭಾ ಜಾಧವ್ ಕಂಚು ಗೆದ್ದಾಗ ಜಿಲ್ಲೆಯೆಲ್ಲ ಹಿಗ್ಗಿತು. ಆಕೆಗೆ ಪಟ್ಟು ಕಲಿಸಿದವರ ಹೆಸರು ಎಷ್ಟು ಜನಕ್ಕೆ ನೆನಪಿದೆ?

ಪ್ರವೇಶದ ಹೊತ್ತಿಗೆ ಕಾಲೇಜುಗಳು ಕ್ರೀಡಾ ಶುಲ್ಕ ವಸೂಲಿ ಮಾಡುತ್ತವೆ. ಅದರಲ್ಲೇ ಒಬ್ಬ ಸಹಾಯಕ ಕೋಚ್‌ಗೆ ತಿಂಗಳ ಗೌರವಧನ ಕೊಡಬಹುದು. ಆ ಜಾಗಕ್ಕೆ ಶಿಫಾರಸಿನವರು ಬಂದು ಕೂರುತ್ತಾರೆ ಎಂಬ ಅಂಜಿಕೆ ಸುಳ್ಳಲ್ಲ, ನಮ್ಮ ಆಡಳಿತ ಮಂಡಳಿಗಳನ್ನು ಬಲ್ಲವರು ಹಾಗೆ ಹೇಳಿಯೇ ಹೇಳುತ್ತಾರೆ. ಮೈದಾನದ ಹಾಜರಿ ಪುಸ್ತಕ ನೋಡಿ ದುಡ್ಡು ಕೊಡಲಿ. ಶಿಫಾರಸಿನವರು ಸಂಜೆ ಬಿಸಿಲಿಗೆ ಹೆಚ್ಚು ದಿನ ನಿಲ್ಲಲಾರರು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆ ಸೇವೆಯನ್ನು ಅನುಭವವೆಂದು ಎಣಿಸುವ ಒಂದು ಸುತ್ತೋಲೆ ಹೊರಡಿಸಲಿ. ಪಾಲಕರೂ ಮುಂದಿನ ಸಲ ಶುಲ್ಕ ಕಟ್ಟುವಾಗ ಪ್ರಾಚಾರ್ಯರನ್ನು ಕೇಳಲಿ: ನಮ್ಮ ಮಕ್ಕಳಿಗೆ ಸಂಜೆ ಆಟ ಕಲಿಸುವವರು ಯಾರು, ಅವರಿಗೆ ಏನು ಕೊಡುತ್ತೀರಿ?